ಗುಜರಿ ಇಂಜಿನ್ನು: ಯಾವುದನ್ನ ಉಳಿಸೋದು, ಯಾವುದನ್ನ ಬಿಡೋದು

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತುಗಳ ಬರಹರೂಪ)



ವೇದಿಕೆ ಮೇಲೆ ನಿಂತು ದೊಡ್ಡ ವಿಷಯ ಮಾತಾಡೋರು ನನಗಿಂತ ಮುಂಚೆ ಮಾತಾಡಿ ಮುಗಿಸಿದ್ದಾರೆ. ನನಗೆ ಕೊಟ್ಟಿರೋದು ಇಂಜಿನ್ ವಿಷಯ. ಕಾರಣ ನಿಮಗೆಲ್ಲ ಗೊತ್ತು. ನಮ್ಮ ಹುಡುಗರು ಏಳು ಜನ ಸೇರಿ ಸಂಬಳದಲ್ಲಿ ಉಳಿಸಿದ ದುಡ್ಡು ಹಾಕಿ ಒಂದು ಹಳೇ ಆರ್‌ಎಕ್ಸ್ 100 ತಂದಿದ್ದಾರೆ. ಅದು ಸಂಘದ ಕೋಣೆಯ ಹಿಂದೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ನಿಂತಿದೆ. ಜೊತೆಗೆ ಒಂದು ಗೋಣಿಚೀಲ ತುಂಬಾ ಬಿಡಿಭಾಗ. ಚೀಲದಲ್ಲಿ ಏನಿದೆ ಅಂತ ತಂದವರಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲಿಲ್ಲ. ಏಳು ಜನರೂ ಕಾಂಟ್ರಾಕ್ಟ್ ಕೆಲಸದವರು, ಓಟಿ ಮಾಡಿ ಉಳಿಸಿದ ದುಡ್ಡು. ಆ ದುಡ್ಡು ನೀರಲ್ಲಿ ಹೋಗಬಾರದು. ಅದಕ್ಕೇ ಈ ಮಾತು.

ಅಮೆರಿಕದಲ್ಲಿ ಹುಡುಗರು ಮಸಲ್ ಕಾರು ಅಂತ ಹಳೇ ಗಾಡಿ ತಂದು ಮನೆ ಶೆಡ್ಡಲ್ಲಿ ಜೋಡಿಸ್ತಾರೆ. 1964ರ ಪಾಂಟಿಯಾಕ್ ಜಿಟಿಓ, ಆರು ಲೀಟರ್ ದಾಟಿದ ಎಂಟು ಸಿಲಿಂಡರ್ ಇಂಜಿನ್ನು, ಅಂಥವು. ನಮ್ಮಲ್ಲಿ ಅಷ್ಟು ದೊಡ್ಡ ಇಂಜಿನ್ನೂ ಇಲ್ಲ, ಅದನ್ನ ನಿಲ್ಲಿಸೋ ಶೆಡ್ಡೂ ಇಲ್ಲ. ನಮಗೆ ಆ ಜಾಗದಲ್ಲಿ ಇರೋದು ಆರ್‌ಎಕ್ಸ್. 98 ಸಿಸಿ, 11 ಕುದುರೆ ಶಕ್ತಿ, ಗಾಡಿಯ ತೂಕ ಸುಮಾರು ನೂರು ಕೆಜಿ. ಹಗುರ ಗಾಡಿಗೆ ಜೋರು ಇಂಜಿನ್ ಇಟ್ಟಿದ್ದಾರೆ, ಅದರ ಗುಟ್ಟೆಲ್ಲ ಇಷ್ಟೇ. 1985ರ ಕೊನೆಗೆ ಬಂತು, 1996ಕ್ಕೆ ನಿಂತಿತು. ಅಂದರೆ ಅತೀ ಹೊಸದು ಅಂತ ನಿಮಗೆ ಸಿಗುವ ಗಾಡಿಗೂ ನಮ್ಮ ಸಂಘದ ಬಹುಪಾಲು ಸದಸ್ಯರಿಗಿಂತ ಜಾಸ್ತಿ ವಯಸ್ಸು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಈ ಹುಚ್ಚಿನಲ್ಲಿ ನಮ್ಮೂರನ್ನ ಮರೀಬೇಡಿ. 1980ರಲ್ಲಿ ಟಿವಿಎಸ್ 50 ಹೊರಬಂದಿದ್ದು ಹೊಸೂರಿಂದ. 1984ರಲ್ಲಿ ಇಂಡ್-ಸುಜುಕಿ ಎಎಕ್ಸ್ 100 ಹೊರಬಂದಿದ್ದೂ ಹೊಸೂರಿಂದ. ಜಪಾನ್ ಕಂಪನಿಗಳ ಜೊತೆ ಸೇರಿ ಇಲ್ಲಿ ಮಾಡಿದ 100 ಸಿಸಿ ಬೈಕುಗಳಲ್ಲಿ ಅದೇ ಮೊದಲನೆಯದು, ಆರ್‌ಎಕ್ಸ್‌ಗೂ ಮುಂಚೆ. ಆ ಲೈನಿನಲ್ಲಿ ನಿಂತು ಕೆಲಸ ಮಾಡಿ ರಿಟೈರ್ ಆದವರು ಹೊಸೂರಲ್ಲಿ, ಮತ್ತಿಗಿರಿಯಲ್ಲಿ, ಬಾಗಲೂರು ರೋಡಿನಲ್ಲಿ ಇವತ್ತಿಗೂ ಸಿಗ್ತಾರೆ. ಯೂಟ್ಯೂಬು ನೋಡೋದಕ್ಕೆ ಮುಂಚೆ ಅವರ ಮನೆ ಬಾಗಿಲು ತಟ್ಟಿ. ಒಂದು ಟೀ ಕುಡಿಯೋ ಹೊತ್ತಿಗೆ ಅವರು ಹೇಳೋದು ಹತ್ತು ವಿಡಿಯೋದಲ್ಲಿ ಸಿಗಲ್ಲ.

ಈಗ ಮೊದಲ ಕೆಲಸ. ಸ್ಪ್ಯಾನರ್ ಕೈಗೆ ತಗೊಳ್ಳೋದಲ್ಲ, ಆರ್‌ಸಿ ಕೈಗೆ ತಗೊಳ್ಳೋದು.

ಇದನ್ನ ಯಾಕೆ ಮೊದಲು ಹೇಳ್ತೀನಿ ಅಂದರೆ, ಅತ್ತಿಬೆಲೆ ಚೆಕ್‌ಪೋಸ್ಟ್ ಹತ್ತಿರ ಹತ್ತು ಗಾಡಿ ಬಂದರೆ ಯಾವ ಗಾಡಿಯ ಹುಡುಗನನ್ನ ನಿಲ್ಲಿಸ್ತಾರೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಎಲ್ಲಿಯವನೋ, ಯಾವ ಬೀದಿಯೋ ಅಂತ ಕೇಳ್ತಾರೆ. ಸದ್ದು ಮಾಡೋ ಹಳೇ ಗಾಡಿ, ನಂಬರು ಸರಿಯಾಗಿ ಕಾಣಲ್ಲ, ಇಂಜಿನ್ ನಂಬರು ಆರ್‌ಸಿಗೆ ತಾಳೆ ಆಗಲ್ಲ ಅಂದರೆ ನಿಮ್ಮ ಮೇಲೆ ಕಳ್ಳತನದ ಕೇಸು ಹಾಕೋದಕ್ಕೆ ಬೇರೆ ಏನೂ ಬೇಕಿಲ್ಲ. ಬೇರೆಯವರ ಮನೆ ಹುಡುಗನಿಗೆ ಅದು ಒಂದು ಸಂಜೆಯ ತೊಂದರೆ. ನಮ್ಮ ಹುಡುಗನಿಗೆ ಅದು ಪೊಲೀಸ್ ವೆರಿಫಿಕೇಶನ್ನಲ್ಲಿ ನಿಂತು, ಕೆಲಸಕ್ಕೇ ಅಡ್ಡ ಬರುತ್ತೆ.

ಆದ್ದರಿಂದ ಚಾಸಿ ನಂಬರು ನೋಡಿ. ಹ್ಯಾಂಡಲ್ ಕೆಳಗೆ, ಫ್ರೇಮಿನ ತಲೆಯ ಮೇಲೆ ಕೊರೆದಿರ್ತಾರೆ. ಇಂಜಿನ್ ನಂಬರು ಚೇಂಬರ್ ಮೇಲೆ ಇರುತ್ತೆ. ಆರ್‌ಎಕ್ಸ್ 100ರಲ್ಲಿ ಸಾಮಾನ್ಯವಾಗಿ 1ಎಲ್1 ಅಂತ ಶುರುವಾಗುತ್ತೆ. ಎಣ್ಣೆ ಜಿಡ್ಡು ಒರೆಸಿ, ಬೆರಳಿಟ್ಟು ಸವರಿ ನೋಡಿ. ಸುತ್ತಲಿನ ಲೋಹ ಒರಟಾಗಿದ್ದು ನಂಬರ್ ಇರುವ ಜಾಗ ಮಾತ್ರ ನುಣ್ಣಗಿದ್ದರೆ, ಅಂಕಿಗಳು ಏರುಪೇರಾಗಿದ್ದರೆ, ಅಲ್ಲಿ ಯಾರೋ ಗ್ರೈಂಡರ್ ಆಡಿಸಿದ್ದಾರೆ. ಅಂಥ ಇಂಜಿನ್ ಪುಕ್ಕಟೆ ಕೊಟ್ಟರೂ ಬೇಡ.

ಇನ್ನೊಂದು ಗಡಿಯ ಲೆಕ್ಕ. ಈ ವಯಸ್ಸಿನ ಗಾಡಿಗಳಿಗೆ ಟಿಎನ್ 24 ಆಗಲಿ ಟಿಎನ್ 70 ಆಗಲಿ ಹುಡುಕಬೇಡಿ. ಕೃಷ್ಣಗಿರಿ ಜಿಲ್ಲೆ ಆಗಿದ್ದೇ 2004ರಲ್ಲಿ. ಅದಕ್ಕೂ ಮುಂಚಿನ ನಮ್ಮ ಕಡೆ ಗಾಡಿ ಧರ್ಮಪುರಿ ನಂಬರಿನದು. ಬೆಂಗಳೂರಿಂದ ತಂದಿದ್ದಾದರೆ ಕರ್ನಾಟಕದ ನಂಬರು. ಬೇರೆ ರಾಜ್ಯದ ಗಾಡಿಯನ್ನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಮಾಡಿಸಬೇಕು, ಅದಕ್ಕೆ ಅಲ್ಲಿನ ಆರ್‌ಟಿಓ ಎನ್‌ಓಸಿ ಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಇಂಜಿನ್ನೇ ಬದಲಾಯಿಸಿದರೆ ಅದನ್ನೂ ಅನುಮತಿ ತಗೊಂಡು ಆರ್‌ಸಿಯಲ್ಲಿ ಬರೆಸಬೇಕು. ಗುಜರಿಯವನ ಹತ್ತಿರ ಬಿಲ್ ಕೇಳಿ. ಕೊಡಲ್ಲ ಅಂದರೆ ಒಂದು ಬಿಳಿ ಹಾಳೆಯಲ್ಲಾದರೂ ಇಂಥ ನಂಬರಿನ ಇಂಜಿನ್ ಇಷ್ಟಕ್ಕೆ ಕೊಟ್ಟೆ ಅಂತ ಬರೆದು ಸೈನ್ ಹಾಕಿಸಿಕೊಳ್ಳಿ, ಅವನ ಅಂಗಡಿ ಮುಂದೆ ನಿಂತು ಫೋಟೋ ತೆಗೀರಿ. ಅದಕ್ಕೂ ಒಪ್ಪದವನ ಮಾಲು ಯಾಕೆ?

ನಮ್ಮ ಗಾಡಿಯ ಆರ್‌ಸಿ ಸರಿಯಿದೆ. ನಾನೇ ನೋಡಿದೆ. ಮುಂದಕ್ಕೆ ಹೋಗೋಣ.

ಬಿಚ್ಚುವಾಗ ಒಂದೇ ನಿಯಮ: ಬಿಚ್ಚಿದ ಕ್ರಮ ಮರೀಬಾರದು. ಫೋನಿನಲ್ಲಿ ಫೋಟೋ ತೆಗೀರಿ, ಅದು ಸರಿ. ಅದಕ್ಕಿಂತ ಒಳ್ಳೇದು ರಟ್ಟು. ಹಳೇ ಡಬ್ಬದ ರಟ್ಟಿನ ಮೇಲೆ ಕ್ಲಚ್ ಕವರಿನ ಆಕಾರ ಪೆನ್ಸಿಲಿನಲ್ಲಿ ಬರೆದು, ಸ್ಕ್ರೂ ಇದ್ದ ಜಾಗದಲ್ಲೇ ತೂತು ಮಾಡಿ ಆಯಾ ಸ್ಕ್ರೂ ಅಲ್ಲೇ ಸಿಗಿಸಿಡಿ. ಕವರಿನ ಸ್ಕ್ರೂಗಳು ಎಲ್ಲ ಒಂದೇ ಉದ್ದ ಇರಲ್ಲ. ಉದ್ದದ್ದನ್ನ ಗಿಡ್ಡದ ಜಾಗಕ್ಕೆ ಹಾಕಿ ಬಿಗಿದರೆ ತಳ ತಾಗಿ ಅಲ್ಯೂಮಿನಿಯಂ ಒಡೆಯುತ್ತೆ. ಸಣ್ಣ ಸಾಮಾನಿಗೆ ಮೊಟ್ಟೆ ಟ್ರೇ. ಸ್ಕ್ರೂ ಹಿಡಿದಿದ್ದರೆ ಇಂಪ್ಯಾಕ್ಟ್ ಡ್ರೈವರ್, ಮ್ಯಾಗ್ನೆಟ್ಟಿಗೆ ಪುಲ್ಲರ್. ಈ ಎರಡೂ ಬಾಡಿಗೆಗೋ ಸಾಲಕ್ಕೋ ತನ್ನಿ. ಉಳಿ ಸುತ್ತಿಗೆಯಲ್ಲಿ ಮ್ಯಾಗ್ನೆಟ್ ಬಿಚ್ಚೋನನ್ನ ನಾನು ಮೆಕ್ಯಾನಿಕ್ ಅನ್ನಲ್ಲ.

ತೊಳೆಯೋದು ಸೀಮೆಎಣ್ಣೆಯಲ್ಲೋ ಡೀಸೆಲ್ಲಲ್ಲೋ. ಪೆಟ್ರೋಲ್ ಬೇಡ, ಅದರಲ್ಲೂ ಬೀಡಿ ಸೇದುವವರು ಸುತ್ತ ಇರುವಾಗ. ಕಾಸ್ಟಿಕ್ ಸೋಡಾ ಹಾಕಿದರೆ ಜಿಡ್ಡು ಚೆನ್ನಾಗಿ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜಿಡ್ಡಿನ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತೆ, ಹೆಡ್ಡೂ ಚೇಂಬರೂ ಹಾಳು. ಹಳೇ ಬ್ರೇಕ್ ಶೂ, ಕ್ಲಚ್ ಪ್ಲೇಟಿನ ಧೂಳನ್ನ ಬಾಯಲ್ಲಿ ಊದಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಹಾಕ್ತಿದ್ರು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ.

ತೊಳೆಯೋದನ್ನ ಕೀಳು ಕೆಲಸ ಅಂತ ತಿಳಿದವರು ಇಲ್ಲಿ ಇದ್ದರೆ ಅವರಿಗೆ ಒಂದು ಮಾತು. ನಾನು ಹದಿನಾರನೇ ವಯಸ್ಸಿಗೆ ಒಂದು ಗ್ಯಾರೇಜಿಗೆ ಸೇರಿದಾಗ, ಎಂಟು ತಿಂಗಳು ನನಗೆ ಕೊಟ್ಟ ಕೆಲಸ ಸೀಮೆಎಣ್ಣೆ ಬಕೆಟ್ಟಿನಲ್ಲಿ ಪಾರ್ಟು ತೊಳೆಯೋದು ಮಾತ್ರ. ನನಗಿಂತ ಆಮೇಲೆ ಸೇರಿದ ಹುಡುಗರು ಇಂಜಿನ್ ಮುಟ್ಟಿದರು. ನನ್ನ ಟೀ ಲೋಟ ಬೇರೆ, ಅದನ್ನ ಗೋಡೆ ಮೇಲೆ ಇಡಬೇಕಿತ್ತು. ಆ ಜಾಗದ ಹೆಸರು ಬೇಡ, ಈಗ ಅದು ಇಲ್ಲ. ಆದರೆ ಎಂಟು ತಿಂಗಳಲ್ಲಿ ನನ್ನ ಕೈ ದಾಟಿ ಹೋದ ಪಿಸ್ಟನ್ನು, ಕ್ರ್ಯಾಂಕು, ಗೇರು ಲೆಕ್ಕ ಇಲ್ಲ. ಎಲ್ಲಿ ಸವೆದಿದೆ, ಎಲ್ಲಿ ಸುಟ್ಟಿದೆ, ಯಾವ ಗಾಡಿಯದ್ದು ಅಂತ ಕಣ್ಣು ಮುಚ್ಚಿ ಹೇಳುವಷ್ಟು ಬೆರಳಿಗೆ ಗೊತ್ತಾಯಿತು. ಅವರು ಕಲಿಸಲಿಲ್ಲ, ನಾನು ಕಲಿತೆ. ಲೋಟದ ಲೆಕ್ಕ ಅವರ ಮೇಲೆ ಇನ್ನೂ ಬಾಕಿಯಿದೆ.

ಸರಿ, ಗೋಣಿಚೀಲಕ್ಕೆ ಬರೋಣ. ತೊಳೆದ ಪಾರ್ಟು ಯಾವುದು ಅಂತ ಗುರುತು ಹಿಡಿಯೋದು ಹೇಗೆ?

ಲೋಹ ತಾನೇ ಮಾತಾಡುತ್ತೆ, ಓದೋಕೆ ಬರಬೇಕು ಅಷ್ಟೇ. ಅಮೆರಿಕದ ಆ ಕಾರಿನವರು ಬ್ಲಾಕಿನ ಮೇಲೆ ಎರಕದಲ್ಲೇ ಮೂಡಿದ ನಂಬರು ಓದಿ ಇದು ಯಾವ ವರ್ಷದ್ದು, ಯಾವ ಮಾಡೆಲ್ಲು ಅಂತ ಹೇಳ್ತಾರೆ. ನಮಗೂ ಅದೇ ದಾರಿ. ಯಮಹಾದವರ ಪಾರ್ಟ್ ನಂಬರು ಮೂರು ತುಂಡಾಗಿರುತ್ತೆ. ಮೊದಲ ಮೂರು ಅಕ್ಷರ ಮಾಡೆಲಿನದು. ನಡುವಿನ ಐದು ಅಂಕಿ ಪಾರ್ಟಿನದು. ಕೊನೆಯ ಎರಡು ಅಂಕಿ, ಆ ಪಾರ್ಟನ್ನ ಆಮೇಲೆ ಏನಾದರೂ ಬದಲಾಯಿಸಿದ್ದರೆ ಅದರದು. ನಡುವಿನ ಐದು ಅಂಕಿ ಯಮಹಾದ ಯಾವ ಗಾಡಿಯಲ್ಲೂ ಹೆಚ್ಚುಕಮ್ಮಿ ಒಂದೇ. 11311 ಅಂದರೆ ಬ್ಲಾಕು, 11631 ಅಂದರೆ ಸ್ಟ್ಯಾಂಡರ್ಡ್ ಪಿಸ್ಟನ್ನು, 11635 ಅಂದರೆ ಮೊದಲ ಓವರ್‌ಸೈಜು, 11636 ಎರಡನೇದು. ಹಳೇ ಸ್ಟಾಕಿನ ಡಬ್ಬ ಎಲ್ಲಾದರೂ ಸಿಕ್ಕರೆ ಮೇಲಿನ ಚೀಟಿ ಇಷ್ಟು ಓದಿಕೊಂಡರೆ ಅಂಗಡಿಯವನು ಏನು ಕೊಟ್ಟರೂ ತಗೊಂಡು ಬರೋ ಪಾಡಿಲ್ಲ.

ಬೇರಿಂಗು ಇನ್ನೂ ಸುಲಭ, ಯಾಕಂದರೆ ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. 6204 ಅಂತ ಇದ್ದರೆ ಕೊನೆಯ ಎರಡು ಅಂಕಿಯನ್ನ ಐದರಿಂದ ಗುಣಿಸಿ: 20. ಒಳ ತೂತು 20 ಮಿ.ಮೀ. 6304ಕ್ಕೂ ಒಳಗೆ 20ನೇ, ಆದರೆ ಹೊರಗಡೆ 52, 6204ಕ್ಕೆ 47. ಎರಡನೇ ಅಂಕಿ ದೊಡ್ಡದಾದರೆ ಮೈ ದಪ್ಪ ಅಂತ. ಈ ಲೆಕ್ಕ ಲಾರಿಗೂ ಒಂದೇ, ಮಿಕ್ಸಿಗೂ ಒಂದೇ, ಜಪಾನಿಗೂ ಜರ್ಮನಿಗೂ ಒಂದೇ. ಕೊನೆಗೆ ಸಿ3 ಅಂತ ಇದ್ದರೆ ಗುಂಡುಗಳ ನಡುವೆ ಸ್ವಲ್ಪ ಜಾಸ್ತಿ ಸಡಿಲ ಬಿಟ್ಟಿದ್ದಾರೆ, ಬಿಸಿಯಾದಾಗ ಹಿಗ್ಗೋದಕ್ಕೆ. ಕ್ರ್ಯಾಂಕಿನ ಬೇರಿಂಗಿನಲ್ಲಿ ಸಿ3 ಇದ್ದರೆ ಹಾಕುವ ಹೊಸದರಲ್ಲೂ ಸಿ3 ಇರಬೇಕು. ನಂಬರು ಒಂದೇ ಅಲ್ವಾ ಅಂತ ಬರೀ ಬೇರಿಂಗ್ ಹಾಕಿದರೆ ಬಿಸಿಯಲ್ಲಿ ಬಿಗಿದುಕೊಳ್ಳುತ್ತೆ. ಆಯಿಲ್ ಸೀಲ್ ಮೇಲೆ ಮೂರು ಅಳತೆ ಅಚ್ಚಾಗಿರುತ್ತೆ: ಒಳಗಿನದು, ಹೊರಗಿನದು, ದಪ್ಪ. ಕಾರ್ಬೊರೇಟರಿನ ಜೆಟ್ ಮೇಲೂ ನಂಬರಿದೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಫೋನ್ ಕ್ಯಾಮರಾ ಜೂಮ್ ಮಾಡಿ ಓದಿ. ಜೆಟ್ಟಿನ ತೂತಿಗೆ ಗುಂಡುಪಿನ್ನು, ತಂತಿ ಚುಚ್ಚಬೇಡಿ.

ಬ್ಲಾಕು ಯಾವುದು ಅಂತ ಸಂಶಯ ಬಂದರೆ ಸ್ಕೂಲ್ ಮಕ್ಕಳ ಸ್ಕೇಲ್ ಸಾಕು. ಆರ್‌ಎಕ್ಸ್ 100ರ ಬೋರು 50 ಮಿ.ಮೀ., ಆರ್‌ಎಕ್ಸ್ 135ರದು 58. ಎರಡರ ಸ್ಟ್ರೋಕೂ 50ನೇ. ಅದಕ್ಕೇ ಹುಡುಗರಿಗೆ 135ರ ಬ್ಲಾಕ್ ಕೂರಿಸೋ ಆಸೆ. ಬೇಡ ತಮ್ಮಾ. ಆರ್‌ಸಿಯಲ್ಲಿ 98 ಸಿಸಿ, ಗಾಡಿಯಲ್ಲಿ 132 ಸಿಸಿ, ಡ್ರಮ್ ಬ್ರೇಕು ಮಾತ್ರ ಅದೇ ಹಳೇದು. ಇನ್ನೊಂದು ತಮಾಷೆ ಕೇಳಿ, ನಮ್ಮ ಹೊಸೂರಿನ ಎಎಕ್ಸ್ 100 ಕೂಡ ಐವತ್ತಕ್ಕೆ ಐವತ್ತೇ. ಹಾಗಂತ ಅದರ ಪಿಸ್ಟನ್ ಇದಕ್ಕೆ ಬರುತ್ತೆ ಅಂತಲ್ಲ. ವ್ಯಾಸ ಒಂದೇ ಆದರೂ ಪಿನ್ನಿನ ಎತ್ತರ, ಕಿಟಕಿಯ ಆಕಾರ, ರಿಂಗ್ ಕೂರುವ ಜಾಗ ಎಲ್ಲ ಬೇರೆ. ಗೋಣಿಚೀಲದಲ್ಲಿ ನಾನು ನೋಡಿದ ಒಂದು ಪಿಸ್ಟನ್ ನನಗೆ ಯಮಹಾದ್ದು ಅಂತ ಅನ್ನಿಸಲಿಲ್ಲ. ಅದನ್ನ ಪಕ್ಕಕ್ಕಿಡಿ.

ಗುಜರಿಯವರು ಜಪಾನ್ ಬ್ಲಾಕು, ಜಪಾನ್ ಗೇರ್‌ಬಾಕ್ಸು ಅಂತ ಎರಡರಷ್ಟು ರೇಟು ಹೇಳ್ತಾರೆ. ಶುರುವಿನ ಆರ್‌ಎಕ್ಸ್‌ಗಳಿಗೆ ಬಿಡಿಭಾಗ ಜಪಾನಿನಿಂದಲೇ ಬರ್ತಿತ್ತು, ಅದು ನಿಜ. ಆದರೆ ಸವೆದ ಜಪಾನು ಸವೆದಿದ್ದೇ. ಅಳತೆ ಸರಿಯಿರುವ ಇಲ್ಲಿನ ಬ್ಲಾಕು ಅದಕ್ಕಿಂತ ಮೇಲು. ಹೊಸ ಪಾರ್ಟಿನ ಮೇಲೆ ಜಪಾನ್ ಅಂತ ಅಚ್ಚು ಹೊಡೆಯೋದಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಡೈ ಶಾಪಿನಲ್ಲಿ ಕೆಲಸ ಮಾಡೋ ನಿಮಗೇ ಗೊತ್ತು.

ಈಗ ಮುಖ್ಯವಾದದ್ದು. ಯಾವುದನ್ನ ಮತ್ತೆ ಬಳಸಬಹುದು?

ನಾಲ್ಕನ್ನ ಉಳಿಸೋ ಯೋಚನೆಯೇ ಬೇಡ: ಗ್ಯಾಸ್ಕೆಟ್ಟು, ಆಯಿಲ್ ಸೀಲು, ಪಿಸ್ಟನ್ ಪಿನ್ನಿನ ಲಾಕು, ರಿಂಗ್ಸು. ಬೆಲೆ ಕಮ್ಮಿ, ಕೆಟ್ಟರೆ ನಷ್ಟ ದೊಡ್ಡದು. ಆಯಿಲ್ ಸೀಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಬೆಳೆದ ಹುಡುಗರಿಗೆ ಸೀಲು ಅಂದರೆ ಎಣ್ಣೆ ಸೋರದ ಹಾಗೆ ತಡೆಯೋದು ಅಷ್ಟೇ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲೂ ಗಾಳಿಯೂ ಮೊದಲು ಕ್ರ್ಯಾಂಕಿನ ಚೇಂಬರಿಗೆ ಬರುತ್ತೆ, ಅಲ್ಲಿ ಒತ್ತಿಕೊಂಡು ಮೇಲೆ ಹೋಗುತ್ತೆ. ಕ್ರ್ಯಾಂಕಿನ ಎರಡು ಕಡೆ ಸೀಲೇ ಆ ಚೇಂಬರಿನ ಬಾಗಿಲು. ಮ್ಯಾಗ್ನೆಟ್ ಕಡೆ ಸೀಲು ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತೆ, ಬಿಸಿ ಏರುತ್ತೆ, ಪಿಸ್ಟನ್ ಹಿಡಿಯುತ್ತೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನ ಎಳೆದುಕೊಂಡು ಸುಡುತ್ತೆ, ಬಿಳಿ ಹೊಗೆ ನಿಲ್ಲಲ್ಲ. ಎಷ್ಟೋ ಗಾಡಿಗೆ ಬೋರ್ ಮಾಡಿ ಹೊಸ ಪಿಸ್ಟನ್ ಹಾಕಿ, ಸೀಲ್ ಬದಲಾಯಿಸದೆ ಮತ್ತೆ ಸೀಜ್ ಮಾಡಿಕೊಂಡು ಪಿಸ್ಟನ್ ಕಂಪನಿಯನ್ನ ಬೈತಾರೆ.

ಪಿಸ್ಟನ್ ತಲೆಯನ್ನ ಮೆತ್ತಗೆ ಒರೆಸಿ ನೋಡಿ. 0.25, 0.50 ಅಂತ ಏನಾದರೂ ಅಚ್ಚಿದ್ದರೆ ಬ್ಲಾಕು ಆಗಲೇ ಅಷ್ಟು ಸಲ ಬೋರ್ ಆಗಿದೆ. 1.00 ಇದ್ದರೆ ಕೊನೆ ಮೆಟ್ಟಿಲು, ಮುಂದೆ ಹೊಸ ಲೈನರ್ ಹಾಕಿಸಬೇಕು. ಒಂದು ಬಾಣದ ಗುರುತೂ ಇರುತ್ತೆ, ಅದು ಸೈಲೆನ್ಸರ್ ಕಡೆ ಮುಖ ಮಾಡಬೇಕು. ರಿಂಗ್ ಕೂರುವ ಗಾಡಿಯಲ್ಲಿ ಸಣ್ಣ ಪಿನ್ ಇದೆ, ರಿಂಗಿನ ಬಾಯಿ ಆ ಪಿನ್ನಿಗೇ ಕೂರಬೇಕು. ರಿಂಗು ತಿರುಗಿ ಅದರ ತುದಿ ಪೋರ್ಟಿನ ಕಿಟಕಿಗೆ ಸಿಕ್ಕಿದರೆ ಬ್ಲಾಕು, ಪಿಸ್ಟನ್ನು ಎರಡೂ ಹೋಯ್ತು. ಸೈಲೆನ್ಸರ್ ಕಡೆ ಮೈಮೇಲೆ ಉದ್ದುದ್ದ ಗೀರು ಇದ್ದರೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಆ ಪಿಸ್ಟನ್ ಮುಗೀತು.

ಬ್ಲಾಕು ಅಳೆಯೋದಕ್ಕೆ ವರ್ನಿಯರ್ ಸಾಲದು. ಪಿಸ್ಟನ್ನಿಗೂ ಬ್ಲಾಕಿಗೂ ನಡುವೆ ಇರಬೇಕಾದ ಸಂದು ತಲೆಗೂದಲಿನ ದಪ್ಪಕ್ಕಿಂತ ಕಮ್ಮಿ, ಮಿಲಿಮೀಟರಿನ ನೂರರಲ್ಲಿ ಮೂರು ನಾಲ್ಕು ಪಾಲು. ವರ್ನಿಯರ್ ಓದೋದೇ ನೂರರಲ್ಲಿ ಎರಡು. ಮೈಕ್ರೋಮೀಟರೂ ಬೋರ್ ಗೇಜೂ ಬೇಕು. ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಕಡೆ, ಒಂದೊಂದು ಕಡೆ ಅಡ್ಡಕ್ಕೂ ಉದ್ದಕ್ಕೂ ಅಳೀರಿ. ಮೇಲೊಂದು ಕೆಳಗೊಂದು ಬಂದರೆ ಟೇಪರ್, ಅಡ್ಡ ಉದ್ದ ಬೇರೆ ಬಂದರೆ ಬ್ಲಾಕು ಮೊಟ್ಟೆಯಾಗಿದೆ.

ಇಲ್ಲಿ ನಾನು ಸುತ್ತಲೂ ಕೂತಿರೋರನ್ನ ನೋಡ್ತೀನಿ. ಸಿಪ್‌ಕಾಟ್‌ನಲ್ಲಿ ಕ್ವಾಲಿಟಿ ಚೆಕ್ಕಿಂಗ್ ಮಾಡೋ ನಮ್ಮ ತಂಗಿಯರು ದಿನಕ್ಕೆ ನೂರಾರು ಪೀಸು ಬೋರ್ ಗೇಜ್ ಇಟ್ಟು ಅಳೀತಾರೆ. ಬ್ಯಾಡ್ಜಿನ ಮೇಲೆ ಟ್ರೈನೀ ಅಂತ ಇರಬಹುದು, ನೂರರಲ್ಲಿ ಒಂದು ಪಾಲು ತಪ್ಪಿದರೆ ಹಿಡಿಯೋ ಕಣ್ಣು ಅವರದು. ಈ ಗಾಡಿಯ ಕೆಲಸ ಹುಡುಗರದು ಅಂತ ಅವರನ್ನ ಟೀ ತರೋದಕ್ಕೆ ಕಳಿಸಿದರೆ ಅಳತೆ ಯಾರು ಮಾಡ್ತೀರಿ? ಹಾಗೆಯೇ, ಕಂಪನಿಯ ಗೇಜನ್ನ ಜೇಬಲ್ಲಿಟ್ಟು ತರಬೇಡಿ. ಒಂದು ಸಂಜೆಯ ಅಳತೆಗೆ ಗೇಟಿನಲ್ಲಿ ಕೆಲಸ ಕಳೆದುಕೊಳ್ಳಬೇಡಿ. ಸಂಘಕ್ಕೇ ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಮೀಟರ್ ತಗೊಳ್ಳೋಣ ಅಂತ ನಾನು ಕಮಿಟಿಗೆ ಹೇಳಿದ್ದೀನಿ. ಷಾಮಿಯಾನದ ಬಾಡಿಗೆಗಿಂತ ಕಮ್ಮಿಗೆ ಬರುತ್ತೆ.

ಕ್ರ್ಯಾಂಕು. ಕಾನ್‌ರಾಡ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ಲೂಸ್ ಇದೆ, ಹೋಗಿದೆ ಅನ್ನೋರು ಬಹಳ. ಅಡ್ಡಕ್ಕೆ ಸ್ವಲ್ಪ ಆಟ ಇರಲೇಬೇಕು. ನೋಡಬೇಕಾದ್ದು ಮೇಲೆ ಕೆಳಗೆ. ರಾಡನ್ನ ನೇರ ಮೇಲಕ್ಕೆಳೆದು ಕೆಳಕ್ಕೊತ್ತಿ, ಟಕ್ ಅಂತ ಕೈಗೆ ತಾಗಿದರೆ ಮಾತ್ರ ದೊಡ್ಡ ತುದಿಯ ಬೇರಿಂಗ್ ಹೋಗಿದೆ. ಹಾಗಿದ್ದರೆ ರಾಡ್ ಕಿಟ್ ಹಾಕಿಸಬೇಕು. ಈ ಕ್ರ್ಯಾಂಕು ಒತ್ತಿ ಜೋಡಿಸಿದ್ದು, ಹೈಡ್ರಾಲಿಕ್ ಪ್ರೆಸ್ ಇರೋರೇ ಬಿಚ್ಚಬೇಕು. ಜೋಡಿಸಿದ ಮೇಲೆ ಎರಡು ಸೆಂಟರ್ ನಡುವೆ ಕೂರಿಸಿ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಮುಳ್ಳು 0.03 ಮಿ.ಮೀ. ಒಳಗೇ ಆಡಬೇಕು. ಈ ಒಂದು ಕೆಲಸಕ್ಕೆ ದುಡ್ಡು ಉಳಿಸಬೇಡಿ, ಒಳ್ಳೇ ಲೇತ್ ಶಾಪಿಗೆ ಹೋಗಿ, ಡಯಲ್ ತೋರಿಸು ಅಂತ ಕೇಳಿ ನೋಡಿಕೊಂಡು ಬನ್ನಿ.

ಬೇರಿಂಗನ್ನ ತೊಳೆದು ಒಣಗಿಸಿ, ಕಿವಿ ಹತ್ತಿರ ಹಿಡಿದು ಬೆರಳಲ್ಲಿ ನಿಧಾನ ತಿರುಗಿಸಿ. ಮರಳು ಅರೆದ ಹಾಗೆ ಬಂದರೆ ಬಿಸಾಕಿ. ಕಂಪ್ರೆಸ್ಸರ್ ಗಾಳಿ ಬಿಟ್ಟು ರೊಯ್ಯನೆ ತಿರುಗಿಸಿ ಮಜಾ ನೋಡಬೇಡಿ, ಎಣ್ಣೆಯಿಲ್ಲದೆ ತಿರುಗಿದರೆ ಚೆನ್ನಾಗಿದ್ದದ್ದೂ ಹಾಳು.

ಗೇರುಗಳು ಗಟ್ಟಿ, ಬಹುಪಾಲು ಉಳಿಯುತ್ತೆ. ಹಲ್ಲಿಗಿಂತ ಪಕ್ಕದ ಕಚ್ಚುಗಳನ್ನ ನೋಡಿ, ಒಂದಕ್ಕೊಂದು ಸಿಕ್ಕಿಕೊಳ್ಳೋ ಆ ಮೂಲೆಗಳು. ಚೂಪಾಗಿದ್ದರೆ ಸರಿ, ಉಂಡೆಯಾಗಿದ್ದರೆ ಓಡುವಾಗ ಗೇರ್ ಜಾರುತ್ತೆ. ಫೋರ್ಕು ನೀಲಿ ಬಣ್ಣಕ್ಕೆ ತಿರುಗಿದ್ದರೆ ಬಿಸಿಯಾಗಿ ಬಾಗಿದೆ. ಕ್ಲಚ್ಚಿನ ಕಬ್ಬಿಣದ ಪ್ಲೇಟನ್ನ ಕಿಟಕಿ ಗಾಜಿನ ಮೇಲಿಟ್ಟು ಅಡಿಗೆ ಫೀಲರ್ ಗೇಜ್ ತೂರಿಸಿ ನೋಡಿ, ನೆಟ್ಟಗಿದ್ದರೆ ಇಟ್ಟುಕೊಳ್ಳಿ. ಹೆಡ್ಡಿಗೂ ಅದೇ ಗಾಜು ಸಾಕು. ಗಾಜಿನ ಮೇಲೆ 400 ನಂಬರ್ ಎಮರಿ ಹಾಳೆ ಅಂಟಿಸಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ, ಎಲ್ಲ ಕಡೆ ಒಂದೇ ಬಣ್ಣ ಬರೋವರೆಗೆ. ರೀಡ್ ವಾಲ್ವಿನ ಎಲೆಗಳನ್ನ ಬೆಳಕಿಗೆ ಹಿಡಿದು ನೋಡಿ. ಸೀಳು, ತುದಿ ಮುರಿದದ್ದು, ಬೆಳಕು ತೂರೋ ಸಂದು ಇಲ್ಲದಿದ್ದರೆ ಅದೂ ಉಳೀತು.

ಪಾರ್ಟು ಎಲ್ಲಿ ಸಿಗುತ್ತೆ? ಹೊಸದಕ್ಕೆ ಬೆಂಗಳೂರಿನ ಜೆ.ಸಿ. ರೋಡು, ಹಳೇದಕ್ಕೆ ಶಿವಾಜಿನಗರ. ಚೆನ್ನೈಗೆ ಹೋಗೋರು ಇದ್ದರೆ ಪುದುಪೇಟೆ. ನಮ್ಮೂರಲ್ಲಿ ಕಾಯಲಾನ್ ಕಡೆ ಅಂತ ಕರೆಯೋ ಗುಜರಿ ಅಂಗಡಿಗಳಲ್ಲೂ ಸಿಗುತ್ತೆ, ಆದರೆ ಅಲ್ಲಿ ತೂಕದ ಲೆಕ್ಕ, ಹುಡುಕೋ ತಾಳ್ಮೆ ನಿಮ್ಮದು. ಹೋಗುವಾಗ ಹಳೇ ಪಾರ್ಟು, ಸ್ಕೇಲು, ಒಂದು ಅಯಸ್ಕಾಂತ ಜೇಬಲ್ಲಿರಲಿ.

ಇದನ್ನೆಲ್ಲ ಕೇಳಿ ಇನ್ನೊಬ್ಬರು ನಾಳೆಯೇ ಆರ್‌ಎಕ್ಸ್ ಹುಡುಕೋಕೆ ಹೊರಟರೆ, ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಶಿಫ್ಟಿಗೆ ಹೋಗಿಬರೋಕೆ ಗಾಡಿ ಬೇಕು ಅನ್ನೋರಿಗೆ ಇದು ಬೇಡ. ಇವತ್ತು ಆರ್‌ಎಕ್ಸ್‌ಗೆ ಕೇಳೋ ರೇಟು ಇಂಜಿನ್ನಿನದಲ್ಲ, ಹೆಸರಿನದು. ಆ ದುಡ್ಡಿಗೆ ಚೆನ್ನಾಗಿರೋ ಫೋರ್ ಸ್ಟ್ರೋಕ್ ಗಾಡಿ ಬರುತ್ತೆ, ಲೀಟರಿಗೆ ಜಾಸ್ತಿ ಓಡುತ್ತೆ. ಕೈ ಪಳಗಿಸಿಕೊಳ್ಳೋಕೆ ಮೊದಲ ಇಂಜಿನ್ ಬೇಕು ಅಂದರೆ ಹಳೇ ಟಿವಿಎಸ್ ಮೊಪೆಡ್ಡಿನ ಇಂಜಿನ್ ತೂಕಕ್ಕೆ ಸಿಗುತ್ತೆ. ಅದರಲ್ಲೂ ಪಿಸ್ಟನ್ನು, ಕ್ರ್ಯಾಂಕು, ಸೀಲು, ಬೇರಿಂಗು ಎಲ್ಲ ಇದೆ, ಕೆಟ್ಟರೂ ಹೊಟ್ಟೆ ಉರಿಯಲ್ಲ. ಹುಡುಗರಿಗೆ ನಾನು ಹೇಳಿದ್ದೂ ಇದೇ. ಮೊದಲ ಎರಡು ಭಾನುವಾರ ಮೊಪೆಡ್ ಇಂಜಿನ್ ಬಿಚ್ಚಿ ಜೋಡಿಸಿ, ಮೂರನೇ ಭಾನುವಾರ ಆರ್‌ಎಕ್ಸ್ ಮುಟ್ಟಿ.

ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ ಬ್ರೇಕು ಮುಗಿದಿರಬೇಕು. ಹಿಂದೆ ಮುಂದೆ ಎರಡೂ ಶೂ ಹೊಸದು, ಕೇಬಲ್ ಹೊಸದು. ಇದರಲ್ಲಿ ಚರ್ಚೆ ಇಲ್ಲ.

ಸ್ಟಾರ್ಟ್ ಆದ ಮೇಲೆ ಮೊದಲ 500 ಕಿ.ಮೀ. ಗಾಡಿ ಓಡಿಸೋದು ಒಬ್ಬರೇ ಇರಲಿ, ತಾಳ್ಮೆ ಇರೋರು. ಟೂಟಿ ಆಯಿಲ್ ಪಂಪ್ ಇದ್ದರೆ ಮೊದಲು ಅದರ ಪೈಪಿನ ಗಾಳಿ ತೆಗೀರಿ. ಪಂಪ್ ತಾನೇ ಕೊಡುತ್ತೆ ಅಂತ ನಂಬಿ ಬಿಡಬೇಡಿ, ಮೊದಲ ಟ್ಯಾಂಕಿಗೆ ಪೆಟ್ರೋಲಲ್ಲೂ ಸ್ವಲ್ಪ ಬೆರೆಸಿ. ಹಿಂದಿನವರು ಪಂಪ್ ಕಿತ್ತು ಹಾಕಿದ್ದರೆ ಲೀಟರಿಗೆ 25 ಮಿ.ಲೀ. ಅಂದರೆ ನಲವತ್ತಕ್ಕೊಂದು, ಹೊಸ ಪಿಸ್ಟನ್ ಇರುವಷ್ಟು ದಿನ ಇನ್ನೂ ಸ್ವಲ್ಪ ಜಾಸ್ತಿ. ಒಂದೇ ವೇಗದಲ್ಲಿ ತುಂಬಾ ಹೊತ್ತು ಎಳೀಬೇಡಿ, ಏರಿಸಿ ಇಳಿಸಿ ಓಡಿಸಿ, ನಡುನಡುವೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಆಮೇಲೆ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಮಿಶ್ರಣ ತೆಳು, ಎಲ್ಲೋ ಗಾಳಿ ಎಳೀತಿದೆ, ಅಲ್ಲೇ ನಿಲ್ಲಿಸಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ, ಅದರಿಂದ ಇಂಜಿನ್ ಸಾಯಲ್ಲ.

ಆಮೇಲೆ ನಿಜವಾದ ಪರೀಕ್ಷೆಗೆ ಬೇರೆಲ್ಲೂ ಹೋಗಬೇಕಿಲ್ಲ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕೃಷ್ಣಗಿರಿ 500ರ ಆಸುಪಾಸು. ಹೋಗುವಾಗ ಇಳಿಜಾರು, ಎಂಥ ಇಂಜಿನ್ನೂ ಚೆನ್ನಾಗಿ ಓಡುತ್ತೆ. ಬರುವಾಗ ಶೂಳಗಿರಿ ಕಡೆಯ ಏರು. ತೆಳು ಮಿಶ್ರಣದ ಇಂಜಿನ್ ಹಿಡಿಯೋದು ಅಲ್ಲೇ, ಪಕ್ಕದಲ್ಲಿ ಲಾರಿ ಬರ್ತಿರುವಾಗ. ಆ ಏರಿನಲ್ಲಿ ಸದ್ದು ಬದಲಾದರೆ, ಟಿಣ್ ಟಿಣ್ ಅಂತ ಬಂದರೆ, ಎಳೆತ ತಟ್ಟನೆ ಕುಗ್ಗಿದರೆ, ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡೀರಿ. ಎಡಗೈಯ ಎರಡು ಬೆರಳು ಆ ದಾರಿಯುದ್ದಕ್ಕೂ ಕ್ಲಚ್ ಮೇಲೇ ಇರಲಿ. ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಹೆಲ್ಮೆಟ್ಟು, ಇನ್ಶೂರೆನ್ಸು, ಆರ್‌ಸಿ ಮೂರೂ ಜೊತೆಗಿರಲಿ. ವಾಪಸ್ ಬಂದ ಮೇಲೆ ಇಂಜಿನ್ ಪೂರ್ತಿ ತಣ್ಣಗಾಗಲಿ, ಮಾರನೇ ದಿನ ಬೆಳಗ್ಗೆ ಹೆಡ್ ನಟ್‌ಗಳನ್ನ ಎದುರುಬದುರಾಗಿ ಇನ್ನೊಂದು ಸಲ ಟೈಟ್ ನೋಡಿ.